ಡೆಬಿಯನ್ 12ರಿಂದ 13ಕ್ಕೆ: ಸ್ವಂತ ಪ್ಯಾಕೇಜುಗಳಿರುವ ಸರ್ವರ್‌ಗೆ ಯಾವ ದಾರಿ ಸರಿ?

ಲಿನಕ್ಸ್ ಆಧಾರಿತ ಆಪರೇಟಿಂಗ್ ಸಿಸ್ಟಂ ಆದ ಡೆಬಿಯನ್ನಿನ ಭಂಡಾರದ ಪ್ಯಾಕೇಜುಗಳನ್ನಷ್ಟೇ (ಹಾಕಲು ಸಿದ್ಧವಾದ ತಂತ್ರಾಂಶದ ಕಟ್ಟುಗಳನ್ನಷ್ಟೇ) ಬಳಸುವ ಸರ್ವರೊಂದನ್ನು 12ನೇ ಆವೃತ್ತಿಯಿಂದ 13ಕ್ಕೆ ಏರಿಸುವುದು ಹೆಚ್ಚೆಂದರೆ ಒಂದು ಸಂಜೆಯ ಕೆಲಸ. ಬಿಡುಗಡೆಯ ಟಿಪ್ಪಣಿಯನ್ನು ಓದಿಕೊಂಡು, ಬ್ಯಾಕಪ್ ತೆಗೆದು, ಅಲ್ಲಿ ಹೇಳಿದ ಕ್ರಮದಲ್ಲಿ ನಡೆದರೆ ಸಾಮಾನ್ಯವಾಗಿ ತೊಂದರೆಯಾಗುವುದಿಲ್ಲ. ಅದೇ ಯಂತ್ರದಲ್ಲಿ ನಾವೇ ಕಟ್ಟಿಕೊಂಡ ಪ್ಯಾಕೇಜುಗಳು ಹತ್ತಿಪ್ಪತ್ತು ಇದ್ದರೆ ಲೆಕ್ಕ ಬದಲಾಗುತ್ತದೆ. ಆಪರೇಟಿಂಗ್ ಸಿಸ್ಟಂ ಏರಿಸುವ ಕೆಲಸದ ಜೊತೆಗೆ ಆ ಪ್ಯಾಕೇಜುಗಳನ್ನು ಮರಳಿ ಕಟ್ಟುವ ಕೆಲಸವೂ ಹೆಗಲೇರುತ್ತದೆ. ಎರಡನ್ನೂ ಒಂದೇ ರಾತ್ರಿಯಲ್ಲಿ ಮುಗಿಸುತ್ತೇನೆಂದು ಹೊರಟವರು ಬೆಳಗಾಗುವ ಹೊತ್ತಿಗೆ ಎರಡನ್ನೂ ಅರ್ಧಕ್ಕೆ ಬಿಟ್ಟು ಕುಳಿತಿರುತ್ತಾರೆ.

ಇಲ್ಲಿ ಹೋಲಿಸುವ ದಾರಿಗಳು ನಾಲ್ಕು: ಇರುವ ಯಂತ್ರವನ್ನೇ ಏರಿಸುವುದು; ಪಕ್ಕದಲ್ಲಿ ಹೊಸ ಯಂತ್ರ ನಿಲ್ಲಿಸಿ ಸೇವೆಗಳನ್ನು ಒಂದೊಂದಾಗಿ ಅತ್ತ ಸಾಗಿಸುವುದು; ಯಂತ್ರವನ್ನು ಏರಿಸಿ, ಹಳೆಯ ತಂತ್ರಾಂಶವನ್ನು ಅದರದೇ ಲೈಬ್ರರಿಗಳೊಂದಿಗೆ ಪ್ರತ್ಯೇಕವಾಗಿ ನಡೆಸುವ ಕಂಟೇನರಿನೊಳಗೆ ಉಳಿಸಿಕೊಳ್ಳುವುದು; ಸದ್ಯಕ್ಕೆ 12ರಲ್ಲೇ ಇದ್ದುಬಿಡುವುದು. ಯಾವ ದಾರಿ ಹಿಡಿಯಬೇಕೆಂಬುದನ್ನು ಯಂತ್ರದ ವಯಸ್ಸು, ಡಿಸ್ಕಿನ ಜಾಗ, ಸೇವೆ ನಿಲ್ಲಿಸಲು ಸಿಗುವ ವೇಳೆ ಇವುಗಳನ್ನು ನೋಡಿ ತೀರ್ಮಾನಿಸುವ ರೂಢಿಯಿದೆ. ನನ್ನ ಖಚಿತ ಅಭಿಪ್ರಾಯವೆಂದರೆ, ಆ ತೀರ್ಮಾನವನ್ನು ಪ್ಯಾಕೇಜುಗಳಿಗೆ ಬಿಡಬೇಕು. ಅವನ್ನು ಮೊದಲು 13ರ ಪರಿಸರದಲ್ಲಿ ಕಟ್ಟಿ ನೋಡಬೇಕು. ಎಷ್ಟು ಕಟ್ಟಿಕೊಂಡವು, ಎಷ್ಟು ಕೈಕೊಟ್ಟವು ಎಂಬುದು ತಿಳಿದ ಮೇಲೆ ಯಂತ್ರದ ಮಾತು.

ಕೈಯಲ್ಲಿರುವ ಕಾಲ

ಅವಸರದ ಅಂದಾಜಿಗೆ ದಿನಾಂಕಗಳು ಬೇಕು. ಡೆಬಿಯನ್ 12 ಬಿಡುಗಡೆಯಾದದ್ದು 2023ರ ಜೂನ್ 10ರಂದು. ಅದಕ್ಕೆ ಭದ್ರತಾ ತಂಡದ ಪೂರ್ಣ ಬೆಂಬಲ 2026ರ ಜೂನ್‌ವರೆಗೆ, ಅನಂತರ ಎಲ್‌ಟಿಎಸ್ (ದೀರ್ಘಾವಧಿ ಬೆಂಬಲ) ತಂಡದ ಬೆಂಬಲ 2028ರ ಜೂನ್ 30ರವರೆಗೆ. ಡೆಬಿಯನ್ 13 ಹೊರಬಂದದ್ದು 2025ರ ಆಗಸ್ಟ್ 9ರಂದು. ಅದರ ಪೂರ್ಣ ಬೆಂಬಲ 2028ರ ಆಗಸ್ಟ್‌ವರೆಗೆ, ಎಲ್‌ಟಿಎಸ್ 2030ರ ಜೂನ್‌ವರೆಗೆ. ಎಲ್‌ಟಿಎಸ್ ಎಂದರೆ ಎಲ್ಲ ಪ್ಯಾಕೇಜುಗಳಿಗೂ ಎಲ್ಲ ಬಗೆಯ ಯಂತ್ರಗಳಿಗೂ ಒಂದೇ ಸಮನಾದ ರಕ್ಷಣೆ ಎಂದು ತಿಳಿಯಬಾರದು. ಯಾವ ಪ್ಯಾಕೇಜಿಗೆ ಬೆಂಬಲ ನಿಂತಿದೆ ಎಂಬುದನ್ನು ಡೆಬಿಯನ್ ಸೆಕ್ಯುರಿಟಿ ಸಪೋರ್ಟ್ ಎಂಬ ಪ್ಯಾಕೇಜ್ ಪಟ್ಟಿ ಮಾಡಿ ತೋರಿಸುತ್ತದೆ. ಅದನ್ನು ಹಾಕಿಕೊಂಡು ಒಮ್ಮೆ ನೋಡುವುದು ಒಳ್ಳೆಯದು.

ಇನ್ನೂ ಡೆಬಿಯನ್ 11ರಲ್ಲಿರುವವರಿಗೆ ಒಂದು ಮಾತು. 11ರಿಂದ ನೇರವಾಗಿ 13ಕ್ಕೆ ಜಿಗಿಯುವುದಕ್ಕೆ ಡೆಬಿಯನ್ ಬೆಂಬಲ ಕೊಡುವುದಿಲ್ಲ. ಇದ್ದ ಯಂತ್ರದಲ್ಲೇ ಏರಿಸುವುದಾದರೆ 12ರಲ್ಲಿ ಒಮ್ಮೆ ತಂಗಬೇಕು, ಮತ್ತು ಆ ತಂಗುದಾಣದಲ್ಲಿ ಸೇವೆ ನಡೆಯಬೇಕೆಂದಿದ್ದರೆ ಪ್ಯಾಕೇಜುಗಳನ್ನು ಎರಡೆರಡು ಸಲ ಕಟ್ಟಬೇಕು. ಅಂಥವರಿಗೆ ಹೊಸ ಯಂತ್ರದ ದಾರಿಯೇ ಹತ್ತಿರದ ದಾರಿ. ಮುಂದಿನ ಹೋಲಿಕೆಯನ್ನು ಅವರು ಅಷ್ಟಾಗಿ ತಲೆಗೆ ಹಚ್ಚಿಕೊಳ್ಳಬೇಕಾಗಿಲ್ಲ.

ಪಟ್ಟಿ ಮಾಡಿ, ವಿಂಗಡಿಸಿ

ಡೆಬಿಯನ್ನಿನದಲ್ಲದ ಮೂಲದಿಂದ ಬಂದು ಕೂತ ಪ್ಯಾಕೇಜುಗಳನ್ನು ಆಪ್ಟ್ (ಡೆಬಿಯನ್ನಿನ ಪ್ಯಾಕೇಜ್ ನಿರ್ವಹಣೆಯ ಸಾಧನ) ತಾನೇ ಪಟ್ಟಿ ಮಾಡಿಕೊಡುತ್ತದೆ. ಬಿಡುಗಡೆಯ ಟಿಪ್ಪಣಿಯಲ್ಲಿ ಅದಕ್ಕೆ ಬೇಕಾದ ಆದೇಶವಿದೆ. ಪಟ್ಟಿ ಕೈಗೆ ಬಂದಾಗ, ನೆನಪಿನಲ್ಲಿದ್ದುದಕ್ಕಿಂತ ಅದು ಉದ್ದವಾಗಿರುವುದನ್ನು ಕಂಡು ಬಹಳಷ್ಟು ಜನ ಬೆರಗಾಗುತ್ತಾರೆ.

ಪಟ್ಟಿಯ ಪ್ರತಿಯೊಂದು ಹೆಸರಿನ ಮುಂದೆಯೂ ಮೊದಲು ಕೇಳಬೇಕಾದ ಪ್ರಶ್ನೆ, ಇದು ಈಗಲೂ ಬೇಕೇ ಎಂಬುದು. 12ರಲ್ಲಿ ಪಿಎಚ್‌ಪಿ 8.2 ಇತ್ತು, 13ರಲ್ಲಿ 8.4 ಇದೆ, ಪೋಸ್ಟ್‌ಗ್ರೆ ಡೇಟಾಬೇಸ್ 15 ಇದ್ದದ್ದು 17 ಆಗಿದೆ, ಓಪನ್‌ಎಸ್‌ಎಸ್‌ಎಲ್ 3.0 ಇದ್ದದ್ದು 3.5ಕ್ಕೆ ಬಂದಿದೆ. ಹೊಸ ಆವೃತ್ತಿಯ ಒಂದು ಸೌಲಭ್ಯಕ್ಕಾಗಿಯೇ ಅಂದು ಸ್ವಂತ ಪ್ಯಾಕೇಜ್ ಕಟ್ಟಿದ್ದರೆ, ಆ ಸೌಲಭ್ಯ ಇಂದು ಡೆಬಿಯನ್ನಿನ ಪ್ಯಾಕೇಜಿನಲ್ಲೇ ಇರಬಹುದು. ಕೈಬಿಡಬಹುದಾದ ಪ್ಯಾಕೇಜನ್ನು ಕೈಬಿಡುವುದಕ್ಕಿಂತ ಅಗ್ಗದ ಮರುನಿರ್ಮಾಣ ಇನ್ನೊಂದಿಲ್ಲ.

ಉಳಿದವುಗಳಲ್ಲಿ ಕೆಲವಕ್ಕೆ ಮರುನಿರ್ಮಾಣವೇ ಬೇಡ. ಫಾಂಟು, ಕೀಲಿಮಣೆ ವಿನ್ಯಾಸ, ಬರಿಯ ಶೆಲ್ ಸ್ಕ್ರಿಪ್ಟುಗಳ ಪ್ಯಾಕೇಜುಗಳು ಯಂತ್ರದ ಬಗೆಯನ್ನು ಅವಲಂಬಿಸುವುದಿಲ್ಲ. ನಮ್ಮ ಕಚೇರಿಗೆಂದು ನಾನು ಕಟ್ಟಿದ್ದ ಕನ್ನಡ ಫಾಂಟುಗಳ ಪ್ಯಾಕೇಜ್ ಯಾವ ಬದಲಾವಣೆಯೂ ಇಲ್ಲದೆ 13ರಲ್ಲಿ ಕೂತಿತು. ಗುಬ್ಬಿ, ನವಿಲು ಅಕ್ಷರಶೈಲಿಗಳಂತೂ ಡೆಬಿಯನ್ ಭಂಡಾರದಲ್ಲೇ ಇರುವುದರಿಂದ ಅವನ್ನು ಸ್ವಂತ ಪ್ಯಾಕೇಜಿನಿಂದ ತೆಗೆದೇಬಿಟ್ಟೆ.

ನಿಜವಾದ ಕಷ್ಟವಿರುವುದು ವ್ಯವಸ್ಥೆಯ ಒಳಗಿನ ಯಾವುದೋ ಒಂದು ಆವೃತ್ತಿಗೆ ಅಂಟಿಕೊಂಡ ಪ್ಯಾಕೇಜುಗಳಲ್ಲಿ. ಸಿ ಭಾಷೆಯಲ್ಲಿ ಬರೆದ ಪರ್ಲ್ ಮಾಡ್ಯೂಲನ್ನು ಸರಿಯಾದ ಕ್ರಮದಲ್ಲಿ ಕಟ್ಟಿದ್ದರೆ ಅದು ಪರ್ಲ್‌ಎಪಿಐ 5.36 ಬೇಕೆಂದು ಬರೆದುಕೊಂಡಿರುತ್ತದೆ. 13ರ ಪರ್ಲ್ 5.40 ಆಗಿರುವುದರಿಂದ, ಪೂರ್ಣ ಏರಿಕೆಯ ಹೊತ್ತಿನಲ್ಲಿ ಆಪ್ಟ್ ಒಂದೋ ಆ ಮಾಡ್ಯೂಲನ್ನು ತೆಗೆದುಹಾಕುತ್ತದೆ, ಇಲ್ಲವೇ ಮುಂದೆ ಹೋಗಲಾರದೆ ನಿಲ್ಲುತ್ತದೆ. ಪೈಥಾನ್ 3.11ಕ್ಕೆ ಕಂಪೈಲ್ ಮಾಡಿದ ಕಡತಗಳ ಹೆಸರಿನಲ್ಲೇ 311 ಎಂದಿರುತ್ತದೆ, 3.13 ಅವನ್ನು ಕಣ್ಣೆತ್ತಿಯೂ ನೋಡುವುದಿಲ್ಲ. ಪೈಥಾನಿನ ವರ್ಚುವಲ್ ಎನ್ವಿರಾನ್‌ಮೆಂಟುಗಳದ್ದೂ ಇದೇ ಕಥೆ, ಅವನ್ನು ಹೊಸದಾಗಿಯೇ ಮಾಡಿಕೊಳ್ಳಬೇಕು. ಪಿಎಚ್‌ಪಿ ಎಕ್ಸ್‌ಟೆನ್ಷನ್, ಪೋಸ್ಟ್‌ಗ್ರೆ ಎಕ್ಸ್‌ಟೆನ್ಷನ್, 6.1ರಿಂದ 6.12ಕ್ಕೆ ಜಿಗಿಯುವ ಕರ್ನಲ್ಲಿನ ಡಿಕೆಎಂಎಸ್ ಮಾಡ್ಯೂಲುಗಳೂ (ಕರ್ನಲ್ ಬದಲಾದಾಗಲೆಲ್ಲ ಮರಳಿ ಕಟ್ಟಬೇಕಾದವು) ಇದೇ ಸಾಲಿಗೆ ಸೇರುತ್ತವೆ.

ಈ ಅಂಟನ್ನು ಪ್ಯಾಕೇಜಿನ ಮೇಲೆ ಬರೆದಿರದಿದ್ದರೆ ಏನಾಗುತ್ತದೆ ಎಂಬುದನ್ನು ನಾನು ಕಷ್ಟಪಟ್ಟು ಕಲಿತೆ. ಎಂಜಿನ್‌ಎಕ್ಸ್ ಎಂಬ ವೆಬ್ ಸರ್ವರ್ ತಂತ್ರಾಂಶಕ್ಕೆ ಒಂದು ಚಿಕ್ಕ ಮಾಡ್ಯೂಲನ್ನು ಹಿಂದೆ ಕೈಯಾರೆ ಪ್ಯಾಕೇಜ್ ಮಾಡಿದ್ದೆ. ಅವಲಂಬನೆಯ ಸಾಲನ್ನು ಬರೆದಿರಲಿಲ್ಲ. ಏರಿಕೆಯ ಉದ್ದಕ್ಕೂ, ಪ್ಯಾಕೇಜುಗಳನ್ನು ಕೂರಿಸುವ ಡಿಪಿಕೆಜಿ ಒಂದು ಮಾತೂ ಆಡಲಿಲ್ಲ, ಏಕೆಂದರೆ ಆಕ್ಷೇಪಿಸಲು ಅದಕ್ಕೆ ಕಾರಣವೇ ಇರಲಿಲ್ಲ. ಎಲ್ಲ ಮುಗಿದು ಯಂತ್ರ ಮರುಚಾಲೂ ಆದಾಗ ಎಂಜಿನ್‌ಎಕ್ಸ್ ಏಳಲಿಲ್ಲ. ಲಾಗಿನಲ್ಲಿ ಇದ್ದುದು ಒಂದೇ ಸಾಲು: ಮಾಡ್ಯೂಲಿನ ಆವೃತ್ತಿ 1026003 ಇರಬೇಕಾದಲ್ಲಿ 1022001 ಇದೆ. ಅಂದರೆ 13ರ 1.26.3 ನಡೆಯುತ್ತಿದೆ, ಮಾಡ್ಯೂಲ್ ಮಾತ್ರ 12ರ 1.22.1ಕ್ಕೆ ಕಟ್ಟಿದ್ದು. ಡೆಬಿಯನ್ನಿನ ಸ್ವಂತ ಮಾಡ್ಯೂಲುಗಳು ಎಂಜಿನ್‌ಎಕ್ಸ್‌ನ ಎಬಿಐ (ಕಂಪೈಲ್ ಆದ ಭಾಗಗಳು ಪರಸ್ಪರ ಹೊಂದಿಕೊಳ್ಳುವ ರೀತಿ) ಹೆಸರಿನ ಒಂದು ಕಾಲ್ಪನಿಕ ಪ್ಯಾಕೇಜನ್ನು ಅವಲಂಬಿಸಿರುತ್ತವೆ. ಆ ಒಂದು ಸಾಲು ನನ್ನದರಲ್ಲಿಯೂ ಇದ್ದಿದ್ದರೆ ತಕರಾರು ಏರಿಕೆಗೆ ಮೊದಲೇ, ಹಗಲು ಹೊತ್ತಿನಲ್ಲೇ ಬಂದಿರುತ್ತಿತ್ತು.

ಕೊನೆಯದಾಗಿ, ಮೂಲಸಂಕೇತವೇ ಇಲ್ಲದವು. ಹಾಜರಾತಿ ಯಂತ್ರದ ಜೊತೆಗೋ ಪ್ರಿಂಟರಿನ ಜೊತೆಗೋ ಮಾರಾಟಗಾರರು ಕೊಟ್ಟ ಡೆಬ್ ಕಡತಗಳು ಇವು. ಇವನ್ನು ಮರಳಿ ಕಟ್ಟಲಾಗುವುದಿಲ್ಲ; ಪಟ್ಟಿಯಲ್ಲಿ ಬೇರೆಯಾಗಿ ಗುರುತು ಹಾಕಿಡಿ.

ಹಳೆಯ ಯಂತ್ರದಲ್ಲೇ ಹೊಸದಕ್ಕಾಗಿ ಕಟ್ಟುವುದು

13ಕ್ಕೆ ಪ್ಯಾಕೇಜ್ ಕಟ್ಟಲು 13ರ ಯಂತ್ರ ಬೇಕಾಗಿಲ್ಲ. ಎಸ್‌ಬಿಲ್ಡ್ ಅಥವಾ ಪಿಬಿಲ್ಡರ್ ಬಳಸಿ 12ರ ಯಂತ್ರದಲ್ಲೇ 13ರ ಶುದ್ಧ ಪರಿಸರವೊಂದನ್ನು ನಿರ್ಮಿಸಿ, ಅದರೊಳಗೆ ಕಟ್ಟಬಹುದು. ಶುದ್ಧ ಎಂಬ ಮಾತಿಗೆ ಇಲ್ಲಿ ತೂಕವಿದೆ: ಪ್ರತಿ ಬಾರಿಯೂ ಕನಿಷ್ಠ ಪ್ಯಾಕೇಜುಗಳಿಂದ ಶುರುವಾಗಿ, ಕಟ್ಟಲು ಬೇಕೆಂದು ನೀವು ಬರೆದುಕೊಟ್ಟದ್ದನ್ನು ಮಾತ್ರ ಅದು ತರಿಸಿಕೊಳ್ಳುತ್ತದೆ. ನಿಮ್ಮ ದಿನಬಳಕೆಯ ಯಂತ್ರದಲ್ಲಿ ಎಂದೋ ಹಾಕಿದ್ದ ಒಂದು ಲೈಬ್ರರಿಯ ಮೇಲೆ ಪ್ಯಾಕೇಜ್ ಗುಟ್ಟಾಗಿ ನಿಂತಿದ್ದರೆ ಅದು ಇಲ್ಲಿ ಬಯಲಾಗುತ್ತದೆ.

ಈ ಸಲದ ಮರುನಿರ್ಮಾಣದಲ್ಲಿ ಮುಖ್ಯವಾಗಿ ಮೂರು ಕಡೆ ಎಡವುವ ಸಂಭವವಿದೆ. ಮೊದಲನೆಯದು ಕಂಪೈಲರ್. ಡೆಬಿಯನ್ 12ರ ಕಂಪೈಲರಾದ ಜಿಸಿಸಿ 12ರಲ್ಲಿ ಬರಿಯ ಎಚ್ಚರಿಕೆಗಳಾಗಿದ್ದ ಕೆಲವು ತಪ್ಪುಗಳು ಡೆಬಿಯನ್ 13ರ ಜಿಸಿಸಿ 14ರಲ್ಲಿ ನಿರ್ಮಾಣವನ್ನೇ ನಿಲ್ಲಿಸುತ್ತವೆ. ನುಡಿ ಅಕ್ಷರಶೈಲಿಯ ಹಳೆಯ ಪಠ್ಯವನ್ನು ಯೂನಿಕೋಡಿಗೆ ತಿರುಗಿಸುವ ಒಂದು ಸಣ್ಣ ಸಿ ಪ್ರೋಗ್ರಾಂ ನಮ್ಮಲ್ಲಿ ಬಹಳ ವರ್ಷಗಳಿಂದ ನಡೆದುಕೊಂಡು ಬಂದಿತ್ತು. ಅದರೊಳಗೆ ಸ್ಟ್ರ್‌ಕೇಸ್‌ಸ್ಟ್ರ್ ಎಂಬ ಫಂಕ್ಷನ್ನನ್ನು ಘೋಷಣೆಯಿಲ್ಲದೆ ಕರೆಯಲಾಗಿತ್ತು. ಹಾಗೆ ಕರೆದಾಗ ಹಳೆಯ ಕಂಪೈಲರ್ ಅದು ಪೂರ್ಣಾಂಕವನ್ನು ಹಿಂತಿರುಗಿಸುತ್ತದೆಂದು ಊಹಿಸಿಕೊಂಡು, 64 ಬಿಟ್‌ನ ವಿಳಾಸದಲ್ಲಿ ಅರ್ಧವನ್ನು ಕತ್ತರಿಸಿಬಿಡುತ್ತದೆ. ಕೆಲವು ಕಡತಗಳಲ್ಲಿ ಮಾತ್ರ ಆ ಪ್ರೋಗ್ರಾಂ ಕುಸಿಯುತ್ತಿದ್ದುದರ ಕಾರಣ ನನಗೆ ತಿಳಿದದ್ದು ಜಿಸಿಸಿ 14 ಅದನ್ನು ಕಟ್ಟಲು ನಿರಾಕರಿಸಿದಾಗ. ಮೇಲಿನ ಸಾಲಿನಲ್ಲಿ ಒಂದು ಡಿಫೈನ್ ಸೇರಿಸಿದ ಮೇಲೆ ಕಟ್ಟಿಕೊಂಡಿತು, ಕುಸಿತವೂ ನಿಂತಿತು. ಇಂಥ ತಪ್ಪುಗಳನ್ನು ಮತ್ತೆ ಎಚ್ಚರಿಕೆಗಳಾಗಿ ಇಳಿಸುವ ಆಯ್ಕೆ ಕಂಪೈಲರಿನಲ್ಲಿ ಇದೆ. ದಯವಿಟ್ಟು ಅದರ ಮೊರೆ ಹೋಗಬೇಡಿ.

ಎರಡನೆಯದು ಪೈಥಾನ್. ಡಿಸ್ಟ್‌ಯುಟಿಲ್ಸ್ ಮತ್ತು ಇಂಪ್ 3.12ರಲ್ಲೂ, ಸಿಜಿಐ, ಕ್ರಿಪ್ಟ್, ಟೆಲ್ನೆಟ್‌ಲಿಬ್ ಮುಂತಾದವು 3.13ರಲ್ಲೂ ಮೂಲ ಗ್ರಂಥಾಲಯದಿಂದ ಹೊರಬಿದ್ದಿವೆ. ಹಳೆಯ ಸೆಟಪ್ ಕಡತಗಳಿರುವ ಪ್ಯಾಕೇಜುಗಳು ಕಟ್ಟುವಾಗಲೇ ಮುರಿಯುವುದರಿಂದ ಅವುಗಳ ಚಿಂತೆಯಿಲ್ಲ. ಸಿಜಿಐ ಮಾಡ್ಯೂಲನ್ನು ಬಳಸುವ ಅರ್ಜಿ ನಮೂನೆಯೊಂದು ಮಾತ್ರ ಸಲೀಸಾಗಿ ಪ್ಯಾಕೇಜ್ ಆಗಿ, ಯಾರೋ ಅರ್ಜಿ ತುಂಬಲು ಬಂದಾಗ ಮುರಿಯುತ್ತದೆ. ಆದ್ದರಿಂದ ಕಟ್ಟಿತು ಎಂದಾಕ್ಷಣ ನೆಮ್ಮದಿಯಾಗದೆ, ಕಟ್ಟಿದ್ದನ್ನು ನಡೆಸಿ ನೋಡುವ ಪರೀಕ್ಷೆಯೊಂದನ್ನು ಪ್ರತಿ ಪ್ಯಾಕೇಜಿಗೂ ಬರೆದಿಡಬೇಕು, ಅದು ಮೂರೇ ಸಾಲಿನದಾದರೂ ಸರಿ.

ಮೂರನೆಯದು 64 ಬಿಟ್ ಕಾಲಗಣನೆ. 32 ಬಿಟ್‌ನ ಕಾಲಗಣನೆ 2038ರ ಜನವರಿ 19ಕ್ಕೆ ತುಂಬಿಹೋಗುವುದರಿಂದ, ಐ386 (ಹಳೆಯ 32 ಬಿಟ್ ಪಿಸಿ) ಒಂದನ್ನು ಬಿಟ್ಟು ಉಳಿದೆಲ್ಲ ಬಗೆಯ ಯಂತ್ರಗಳಲ್ಲಿ ಡೆಬಿಯನ್ 13 ಕಾಲವನ್ನು 64 ಬಿಟ್‌ಗಳಲ್ಲಿ ಲೆಕ್ಕವಿಡುತ್ತದೆ. ಆ ಬದಲಾವಣೆಯ ವೇಳೆ ಬಹಳಷ್ಟು ಲೈಬ್ರರಿಗಳ ಹೆಸರಿನ ಕೊನೆಗೆ ಟಿ64 ಸೇರಿತು. ಲಿಬ್‌ಎಸ್‌ಎಸ್‌ಎಲ್3 ಈಗ ಲಿಬ್‌ಎಸ್‌ಎಸ್‌ಎಲ್3ಟಿ64. ಎಎಂಡಿ64 (ಇಂದಿನ ಸಾಮಾನ್ಯ 64 ಬಿಟ್ ಪಿಸಿ) ಯಂತ್ರಗಳಲ್ಲಿ ಕಾಲಗಣನೆ ಮೊದಲಿನಿಂದಲೂ 64 ಬಿಟ್ ಆಗಿದ್ದುದರಿಂದ, ಹೊಸ ಪ್ಯಾಕೇಜ್ ಹಳೆಯ ಹೆಸರಿಗೂ ಓಗೊಡುತ್ತದೆ ಮತ್ತು ಹಳೆಯ ಡೆಬ್ ಕಡತಗಳು ಎಷ್ಟೋ ಬಾರಿ ಹಾಗೆಯೇ ಕೂರುತ್ತವೆ. 32 ಬಿಟ್‌ನ ಆರ್ಮ್‌ಎಚ್‌ಎಫ್ ಬಳಸುವ ಸಣ್ಣ ಬೋರ್ಡುಗಳಲ್ಲಿ ಹಾಗಲ್ಲ. ಅಲ್ಲಿ ಈ ಲೈಬ್ರರಿಗಳನ್ನು ಬಳಸುವ ಪ್ರತಿಯೊಂದು ಪ್ಯಾಕೇಜನ್ನೂ ಮರಳಿ ಕಟ್ಟಲೇಬೇಕು.

ಆವೃತ್ತಿ ಸಂಖ್ಯೆಯ ಬಗೆಗೆ ಸ್ವಲ್ಪ ನಿಂತು ಯೋಚಿಸುವುದು ಅಗತ್ಯ. 12ಕ್ಕೆ ಕಟ್ಟಿದ್ದಕ್ಕೂ 13ಕ್ಕೆ ಕಟ್ಟಿದ್ದಕ್ಕೂ ಒಂದೇ ಸಂಖ್ಯೆ ಕೊಟ್ಟರೆ, ಹೊಸತು ಬಂದಿದೆಯೆಂದು ಆಪ್ಟ್ ಗುರುತಿಸುತ್ತದೆ ಎಂಬ ಭರವಸೆ ಇರುವುದಿಲ್ಲ. ಕೊನೆಗೆ ಡೆಬ್12, ಡೆಬ್13 ಎಂದು ಬಾಲ ಸೇರಿಸಿದರೆ ಹೊಸತು ತಾನಾಗಿಯೇ ಮೇಲಿನದಾಗುತ್ತದೆ. ಇದಕ್ಕಿಂತ ಸೂಕ್ಷ್ಮವಾದದ್ದು, ಡೆಬಿಯನ್ನಿನದೇ ಪ್ಯಾಕೇಜಿಗೆ ನಾವು ಪ್ಯಾಚ್ (ಮೂಲಸಂಕೇತದಲ್ಲಿ ಸ್ವಂತ ಬದಲಾವಣೆ) ಹಾಕಿದ ಸಂದರ್ಭ. 13ರ ಸಾಮಾನ್ಯ ಪ್ಯಾಕೇಜಿನ ಸಂಖ್ಯೆ ನಮ್ಮ ಪ್ಯಾಚ್ ಹಾಕಿದ ಹಳೆಯದಕ್ಕಿಂತ ದೊಡ್ಡದಾಗಿರುತ್ತದೆ. ಏರಿಕೆಯಲ್ಲಿ ಅದು ಸದ್ದಿಲ್ಲದೆ ನಮ್ಮದರ ಜಾಗಕ್ಕೆ ಬಂದು ಕೂರುತ್ತದೆ. ದೋಷಸಂದೇಶ ಬರುವುದಿಲ್ಲ, ಪ್ಯಾಚಿನಿಂದ ಸಿಗುತ್ತಿದ್ದ ಸೌಲಭ್ಯ ಮಾತ್ರ ಇಲ್ಲವಾಗಿರುತ್ತದೆ. 13ರ ಮೂಲದ ಮೇಲೆಯೇ ಪ್ಯಾಚ್ ಹಾಕಿ ಕಟ್ಟಿದರೂ ಕೆಲಸ ಅಲ್ಲಿಗೆ ಮುಗಿಯಲಿಲ್ಲ, ಏಕೆಂದರೆ ಮುಂದೆ ಬರುವ ಪ್ರತಿ ಭದ್ರತಾ ತಿದ್ದುಪಡಿಯ ಮೇಲೆ ಅದನ್ನು ಮತ್ತೆ ಕಟ್ಟಬೇಕು. ಆವೃತ್ತಿ ಬದಲಾಗದಂತೆ ಹೋಲ್ಡ್ ಹಾಕಿ ಕೂತರೆ ತಿದ್ದುಪಡಿಯೇ ತಪ್ಪಿಹೋಗುತ್ತದೆ. ಕೈಬಿಡಬಹುದಾದ ಪ್ಯಾಕೇಜನ್ನು ಕೈಬಿಡಿ ಎಂದು ಮೇಲೆ ಒತ್ತಿ ಹೇಳಿದ್ದು ಈ ಕಾರಣಕ್ಕೆ.

ಕಟ್ಟಿದ್ದನ್ನು ರೆಪ್ರೆಪ್ರೊ ಅಥವಾ ಆಪ್ಟ್‌ಲಿ ಮೂಲಕ ಒಂದು ಸ್ವಂತ ಭಂಡಾರದಲ್ಲಿಡಿ; 12ಕ್ಕೂ 13ಕ್ಕೂ ಬೇರೆ ಬೇರೆ ವಿಭಾಗಗಳಿರಲಿ. ಒಂದು ಪ್ಯಾಕೇಜಿನ ಮೇಲೆ ಇನ್ನೊಂದು ನಿಂತಿದ್ದರೆ ತಳದ್ದನ್ನು ಮೊದಲು ಕಟ್ಟಿ ಭಂಡಾರಕ್ಕೆ ಸೇರಿಸಬೇಕು.

ನಾಲ್ಕು ದಾರಿಗಳನ್ನು ತೂಗುವುದು

ಇರುವ ಯಂತ್ರವನ್ನೇ ಏರಿಸುವ ದಾರಿಗೆ ಹೆಚ್ಚುವರಿ ಯಂತ್ರ ಬೇಡ, ಐಪಿ ವಿಳಾಸ ಬದಲಾಗುವುದಿಲ್ಲ, ಬಳಕೆದಾರರ ಖಾತೆ, ಕ್ರಾನ್ ಕೆಲಸಗಳು, ಯಾರೂ ಬರೆದಿಡದ ಸಣ್ಣಪುಟ್ಟ ಹೊಂದಿಕೆಗಳೆಲ್ಲ ಇದ್ದಲ್ಲೇ ಉಳಿಯುತ್ತವೆ. ಪ್ಯಾಕೇಜುಗಳೆಲ್ಲ 13ಕ್ಕೆ ಕಟ್ಟಿಕೊಂಡು ಭಂಡಾರದಲ್ಲಿ ಸಿದ್ಧವಿದ್ದರೆ ಏರಿಕೆಯ ವೇಳೆ ಆಪ್ಟ್ ಅವನ್ನೂ ಒಟ್ಟಿಗೆ ತರಿಸಿಕೊಳ್ಳುತ್ತದೆ. ಹಿಂದಿರುಗುವ ಹಾದಿ ಇಲ್ಲದಿರುವುದೇ ಇದರ ದೊಡ್ಡ ಕೊರತೆ. 13ರಿಂದ 12ಕ್ಕೆ ಇಳಿಸುವುದಕ್ಕೆ ಡೆಬಿಯನ್ನಿನಲ್ಲಿ ಬೆಂಬಲವಿಲ್ಲ. ವರ್ಚುವಲ್ ಯಂತ್ರವಾಗಿದ್ದರೆ ಸ್ನ್ಯಾಪ್‌ಶಾಟ್ ಇದೆ ಎನ್ನಬಹುದು, ಆದರೆ ಏರಿಕೆಯಾಗಿ ಎರಡು ದಿನಗಳ ಬಳಿಕ ದೋಷ ಕಂಡುಬಂದು ಸ್ನ್ಯಾಪ್‌ಶಾಟಿಗೆ ಮರಳಿದರೆ ಆ ಎರಡು ದಿನಗಳ ದತ್ತಾಂಶವೂ ಹೋಗುತ್ತದೆ. ಸ್ನ್ಯಾಪ್‌ಶಾಟ್ ಕಾಪಾಡುವುದು ಮೊದಲ ಕೆಲವು ಗಂಟೆಗಳನ್ನು ಮಾತ್ರ ಎಂದಿಟ್ಟುಕೊಂಡೇ ಯೋಜಿಸಬೇಕು. ಈ ದಾರಿ ಹಿಡಿಯುವವರು ಯಂತ್ರದ ತದ್ರೂಪಿನಲ್ಲಿ ಒಮ್ಮೆ ಅಣಕು ಏರಿಕೆ ನಡೆಸಿ, ಆಪ್ಟ್ ತೆಗೆದುಹಾಕುತ್ತೇನೆಂದು ಕೊಡುವ ಪಟ್ಟಿಯ ಪ್ರತಿಯೊಂದು ಹೆಸರನ್ನೂ ಓದಬೇಕು. ಸೇವೆಗಳನ್ನು ನಡೆಸುವ ಸಿಸ್ಟಂಡಿ ಈಗ ಕರ್ನಲ್ ಹೊಂದಿಕೆಗಳ ಹಳೆಯ ಸಿಸ್‌ಸಿಟಿಎಲ್ ಕಡತವನ್ನು ಓದುವುದಿಲ್ಲ ಎಂಬುದನ್ನೂ, ಟೆಂಪ್ ಕಡತಕೋಶ ಮರುಚಾಲೂ ಆದ ಮೇಲೆ ಮೆಮೊರಿಯಲ್ಲಿ ಕೂರುತ್ತದೆ ಎಂಬುದನ್ನೂ ಮರೆಯಬಾರದು. ಎರಡನೆಯದು ದೊಡ್ಡ ಪ್ಯಾಕೇಜುಗಳನ್ನು ಅದೇ ಯಂತ್ರದಲ್ಲಿ ಕಟ್ಟುವವರ ಮೆಮೊರಿಯನ್ನು ನುಂಗಿಬಿಡಬಲ್ಲದು.

ಹೊಸ ಯಂತ್ರದ ದಾರಿಯಲ್ಲಿ ಕೆಲಸ ಹೆಚ್ಚು, ಭಯ ಕಡಿಮೆ. 13ನ್ನು ಹೊಸದಾಗಿ ಹಾಕಿ, ಸ್ವಂತ ಭಂಡಾರದಿಂದ ಪ್ಯಾಕೇಜುಗಳನ್ನು ಸೇರಿಸಿ, ಒಂದೊಂದೇ ಸೇವೆಯನ್ನು ಸಾಗಿಸಬಹುದು. ಯಾವುದು ಎಡವಿತೋ ಅದನ್ನು ಮಾತ್ರ ಹಳೆಯ ಯಂತ್ರಕ್ಕೆ ತಿರುಗಿಸಬಹುದು. ಪ್ಯಾಕೇಜುಗಳಲ್ಲಿ ಅರ್ಧ ಸಿದ್ಧವಾಗಿದ್ದು ಉಳಿದರ್ಧಕ್ಕೆ ಇನ್ನೂ ಎರಡು ತಿಂಗಳು ಬೇಕೆಂದಾದರೂ ಕೆಲಸ ನಿಲ್ಲುವುದಿಲ್ಲ. ದತ್ತಾಂಶದ ವಿಷಯದಲ್ಲೂ ಈ ದಾರಿ ಶುದ್ಧ. ಪಠ್ಯವನ್ನು ಅಕಾರಾದಿಯಾಗಿ ಜೋಡಿಸುವ ನಿಯಮಗಳನ್ನು ಪೋಸ್ಟ್‌ಗ್ರೆ ಸಾಮಾನ್ಯವಾಗಿ ವ್ಯವಸ್ಥೆಯ ಮೂಲ ಸಿ ಲೈಬ್ರರಿಯಾದ ಜಿಲಿಬ್‌ಸಿಯಿಂದ ಪಡೆಯುತ್ತದೆ, ಜಿಲಿಬ್‌ಸಿ 2.36ರಿಂದ 2.41ಕ್ಕೆ ಬದಲಾದಾಗ ಹಳೆಯ ಇಂಡೆಕ್ಸುಗಳನ್ನು ಹಾಗೆಯೇ ನಂಬುವಂತಿಲ್ಲ, ಮತ್ತೆ ಕಟ್ಟಬೇಕು. ಸಾವಿರಾರು ಕನ್ನಡ ಹೆಸರುಗಳ ಕೋಷ್ಟಕವಿರುವವರು ಇದನ್ನು ಲಘುವಾಗಿ ಕಾಣಬಾರದು, ಏಕೆಂದರೆ ಇಂಡೆಕ್ಸ್ ಹದಗೆಟ್ಟರೆ ಇರುವ ಹೆಸರೇ ಹುಡುಕಿದಾಗ ಸಿಗದೆ ಹೋಗಬಹುದು. ಡಂಪ್ ತೆಗೆದು ಹೊಸ ಯಂತ್ರದ 17ಕ್ಕೆ ತುಂಬಿದರೆ ಇಂಡೆಕ್ಸುಗಳೆಲ್ಲ ಅಲ್ಲೇ ಹೊಸದಾಗಿ ಹುಟ್ಟುತ್ತವೆ. ಕೊರತೆಯೆಂದರೆ ಖರ್ಚು, ಮತ್ತು ಹಳೆಯ ಯಂತ್ರದಲ್ಲಿ ಯಾರೂ ಬರೆದಿಡದ ಹೊಂದಿಕೆಗಳನ್ನು ಒಂದೊಂದಾಗಿ ಹುಡುಕಿ ತರುವ ಶ್ರಮ. ಆ ಶ್ರಮವನ್ನು ನಾನು ನಷ್ಟದ ಬಾಬಿಗೆ ಬರೆಯಲಾರೆ.

ಕಂಟೇನರಿನ ದಾರಿ ಮೂಲಸಂಕೇತವಿಲ್ಲದ ಪ್ಯಾಕೇಜುಗಳಿಗೆಂದೇ ಇದೆ. ಯಂತ್ರ 13ಕ್ಕೆ ಏರುತ್ತದೆ, ಆ ಒಂದು ತಂತ್ರಾಂಶ ಪಾಡ್‌ಮನ್ ಅಥವಾ ಸಿಸ್ಟಂಡಿ ಎನ್‌ಸ್ಪಾನ್‌ನ ಒಳಗೆ 12ರ ಲೈಬ್ರರಿಗಳ ಜೊತೆ ಬದುಕುತ್ತದೆ. ಕರ್ನಲ್ ಮಾತ್ರ ಹೊರಗಿನ ಯಂತ್ರದ್ದೇ ಆಗಿರುವುದರಿಂದ, ಕರ್ನಲ್ ಮಾಡ್ಯೂಲ್ ಬೇಡುವ ತಂತ್ರಾಂಶಕ್ಕೆ ಇದರಿಂದ ಪ್ರಯೋಜನವಿಲ್ಲ. ಒಳಗಿನ 12ಕ್ಕೂ ತನ್ನದೇ ಭದ್ರತಾ ತಿದ್ದುಪಡಿಗಳು ಬೇಕು, ಅದರ ಆಯುಸ್ಸೂ 2028ರ ಜೂನ್‌ಗೇ ಮುಗಿಯುತ್ತದೆ. ಮರಳಿ ಕಟ್ಟಲು ಬೇಸರವೆಂದು ಎಲ್ಲ ಪ್ಯಾಕೇಜುಗಳನ್ನೂ ಕಂಟೇನರಿಗೆ ತುಂಬಿದರೆ, ಏರಿಸಬೇಕಾದ ವ್ಯವಸ್ಥೆ ಒಂದರ ಬದಲು ಆರೇಳು ಆಗುತ್ತವೆ.

12ರಲ್ಲೇ ಇರುವುದು ಕೆಲವೊಮ್ಮೆ ಸರಿಯಾದ ಉತ್ತರವೇ. ಕಚೇರಿಯ ಒಳಜಾಲದಲ್ಲಷ್ಟೇ ನಡೆಯುವ, ಹೊರಗಿನವರಿಗೆ ತೆರೆಯದ, ಒಂದೆರಡು ವರ್ಷಗಳಲ್ಲಿ ನಿವೃತ್ತಿಯಾಗಲಿರುವ ಯಂತ್ರವನ್ನು ಎಬ್ಬಿಸಿ ಕೂರಿಸಬೇಕಾಗಿಲ್ಲ. ಕೊನೆಯ ದಿನಾಂಕವನ್ನು ಗೋಡೆಯ ಮೇಲೆ ಬರೆದು ಹಾಕಿರಬೇಕು, ಅಷ್ಟೇ.

ನಾನು ಹೀಗೆ ಆರಿಸುತ್ತೇನೆ. ಸ್ವಂತ ಪ್ಯಾಕೇಜುಗಳೆಲ್ಲ 13ರ ಶುದ್ಧ ಪರಿಸರದಲ್ಲಿ ಕಟ್ಟಿಕೊಂಡು ಪರೀಕ್ಷೆಯಲ್ಲಿ ಉತ್ತೀರ್ಣವಾಗಿದ್ದರೆ, ಯಂತ್ರ ವರ್ಚುವಲ್ ಆಗಿದ್ದರೆ ಮತ್ತು ಒಂದು ರಜಾದಿನ ಸೇವೆ ನಿಲ್ಲಿಸಬಹುದಾದರೆ, ಇದ್ದ ಯಂತ್ರವನ್ನೇ ಏರಿಸುತ್ತೇನೆ. ಒಂದೆರಡಾದರೂ ಕಟ್ಟಿಕೊಳ್ಳದೆ ಉಳಿದಿದ್ದು ಅವು ದಿನನಿತ್ಯದ ಸೇವೆಗೆ ಬೇಕಾದವುಗಳಾದರೆ ಹೊಸ ಯಂತ್ರ ನಿಲ್ಲಿಸುತ್ತೇನೆ, ಅದಕ್ಕೆ ಬಾಡಿಗೆ ತೆರಬೇಕಾಗಿ ಬಂದರೂ ಸರಿ. ಮೂಲಸಂಕೇತವಿಲ್ಲದ್ದು ಮಾತ್ರ ಕಂಟೇನರಿಗೆ ಹೋಗುತ್ತದೆ. ಉಬುಂಟು ಬಳಸುವವರಿಗೂ ಈ ತೂಕ ಬಹುಪಾಲು ಒಪ್ಪುತ್ತದೆ; ಅಲ್ಲಿನ ಏರಿಕೆಯ ಸಾಧನ ಹೊರಗಿನ ಭಂಡಾರಗಳನ್ನು ತಾನೇ ನಿಷ್ಕ್ರಿಯಗೊಳಿಸುವುದರಿಂದ ಸ್ವಂತ ಭಂಡಾರವನ್ನು ಆಮೇಲೆ ಕೈಯಾರೆ ಮತ್ತೆ ತೆರೆಯಬೇಕು ಎಂಬುದಷ್ಟೇ ವ್ಯತ್ಯಾಸ.

ಏರಿಕೆಯಾದ ಮೇಲೆ, ಆವೃತ್ತಿ ಸಂಖ್ಯೆಯ ಬಾಲದಲ್ಲಿ ಇನ್ನೂ ಡೆಬ್12 ಹೊತ್ತಿರುವ ಪ್ಯಾಕೇಜುಗಳನ್ನು ಪ್ರತಿ ಯಂತ್ರದಲ್ಲೂ ಹುಡುಕಿ ಬರೆದಿಟ್ಟುಕೊಳ್ಳಿ. ಅವುಗಳಲ್ಲಿ ಪ್ರತಿಯೊಂದೂ ಬಾಕಿ ಉಳಿದ ಕೆಲಸ. ಕೊನೆಯ ಯಂತ್ರದಲ್ಲಿ ಆ ಪಟ್ಟಿ ಖಾಲಿಯಾಗುವ ತನಕ ಸ್ವಂತ ಭಂಡಾರದ 12ರ ವಿಭಾಗವನ್ನು ಅಳಿಸಬೇಡಿ, ಹಳೆಯ ಯಂತ್ರದ ಡಿಸ್ಕನ್ನೂ ಬೇರೆ ಕೆಲಸಕ್ಕೆ ಕೊಡಬೇಡಿ.